ಕತ್ತೆ ಕೊಂಡ ಕಂಪ್ಯೂಟರ್

ಪ್ರಾಣಿಗಳೇ ವ್ಯಾಪಾರ ಮಾಡುವ ಒಂದು ಪಟ್ಟಣದಲ್ಲಿ ಸಂಕವ್ವ ಎಂಬ ಕತ್ತೆ ಸರಕು ಸಾಗಿಸುವ ದಂಧೆ ನಡೆಸುತ್ತಿದ್ದಳು. ಒಂದು ಕಾಲಕ್ಕೆ ಪರರ ಹೊರೆ ಹೊತ್ತು ಬೆನ್ನು ಸವೆಸಿದವಳು. ಈಗ ಊರಿನ ಕತ್ತೆ, ಹೇಸರಗತ್ತೆಗಳೆಲ್ಲ ಅವಳ ಅಂಗಳದಲ್ಲೇ ಮೇವು ಕಾಣುತ್ತಿದ್ದವು.

ಆ ಮೇವಿಗೇ ಕುತ್ತು ಬಂತು. ಕಂಪ್ಯೂಟರ್ ಇಲ್ಲದವರಿಗೆ ಇನ್ನು ಅರಮನೆಯ ಸರಕಿಲ್ಲ ಎಂದು ಸಿಂಹರಾಜ ಡಂಗುರ ಸಾರಿಸಿದ. ಕಂಪ್ಯೂಟರ್ ಮಾರುವ ನರಿಯಪ್ಪನಿಗೆ ಸುಗ್ಗಿ. ಆನೆ ದೊಡ್ಡದನ್ನು ಕೊಂಡಿತು. ಆನೆ ಕೊಂಡಿತೆಂದು ಮೊಲವೂ ಅಷ್ಟೇ ದೊಡ್ಡದನ್ನು ಕೊಂಡು, ಅದನ್ನಿಡಲು ಬಿಲದ ಗೋಡೆ ಒಡೆಸಿತು. ಉಳಿದವಳು ಸಂಕವ್ವ ಒಬ್ಬಳೇ. ಊರಿಗೆ ಊರೇ ಕೊಂಡರೆ ನರಿಯಪ್ಪನಿಗೆ ಬಿರುದು ಕೊಡುವುದಾಗಿ ರಾಜ ಹೇಳಿದ್ದ.

"ಮೊದಲು ಇದು ಸಂತೆಯ ದಿನ ನನ್ನ ಅಂಗಳದಲ್ಲಿ ದುಡಿಯಲಿ," ಎಂದಳು ಸಂಕವ್ವ, ದೊಡ್ಡ ಕಂಪ್ಯೂಟರ್ ಮಾರಲು ಬಂದ ನರಿಯಪ್ಪನಿಗೆ.

"ಇದೇನು ಕತ್ತೆಯೇ ಅಕ್ಕಾ, ಹೊರೆ ಹೊರಿಸಿ ನೋಡೋಕೆ?" ನರಿಯಪ್ಪ ನಕ್ಕ.

"ನನ್ನನ್ನ ಕೊಂಡವರು ಬಾಯಿ ಬಿಡಿಸಿ ಹಲ್ಲು ನೋಡಿದ್ರು, ಹೊರೆ ಹೊರಿಸಿ ದಿಬ್ಬ ಹತ್ತಿಸಿದ್ರು. ಮಾರಾಟವಾದವಳಿಗೆ ಕೊಳ್ಳೋದನ್ನ ಕಲಿಸಬೇಡ."

ಸಂತೆಯ ದಿನ ಬಂತು. ಯಾರ ಬೆನ್ನ ಮೇಲೆ ಯಾವ ಹೊರೆ ಎಂಬ ಲೆಕ್ಕ ಕಂಪ್ಯೂಟರಿನ ಪಾಲಿಗೆ ಬಂತು. ಅವಳ ಮಂದಿಯಲ್ಲೊಂದು ರೂಢಿ: ದಾರಿಯಲ್ಲಿ ದಣಿದವನ ಅರ್ಧ ಹೊರೆಯನ್ನು ಜೊತೆಯವನು ಹೊರುವುದು. ಹೊರೆ ಬೆನ್ನು ಬದಲಾಯಿಸಿದ್ದೇ ತಡ, ಕಂಪ್ಯೂಟರ್ ನಿಂತೇಬಿಟ್ಟಿತು.

"ಈ ಬದಲಿಸೋದನ್ನ ನಿಲ್ಲಿಸಿಬಿಡಿ," ಎಂದ ನರಿಯಪ್ಪ.

"ಅದನ್ನ ನನ್ನ ಮಂಡಿಗೂ ಒಂದ್ಮಾತು ಹೇಳಿ, ಸ್ವಾಮಿ," ಎಂದಿತು ಮುದಿ ಹೇಸರಗತ್ತೆ.

ಸಂಕವ್ವ ಕೇಳಿದಳು: "ನಿನ್ನ ಅಂಗಡಿ ಕೆಲಸಕ್ಕೆ ನೀನು ಯಾವುದನ್ನ ಇಟ್ಕೊಂಡಿದ್ದೀಯ?"

ನರಿಯಪ್ಪನ ಬಾಲ ಇಳಿಯಿತು. ಅವನಲ್ಲಿದ್ದದ್ದು ಹಳೆಯದು, ಚಿಕ್ಕದು. ಅವನ ಆಳುಗಳು ತಿದ್ದಿ ತಿದ್ದಿ ಪಳಗಿಸಿದ್ದು.

"ಅದು ಮಾರೋದಲ್ಲ, ಅಕ್ಕಾ."

"ಹಾಗಾದ್ರೆ ನನಗೆ ಅದೇ ಬೇಕು. ಇಲ್ಲದಿದ್ರೆ ಯಾವುದೂ ಬೇಡ."

ಅದನ್ನೂ ಒಂದು ಸಂತೆ ದುಡಿಸಿಯೇ ನೋಡಿದಳು. ಅರ್ಧ ಹೊರೆ, ಕಾಲು ಹೊರೆ, ಎಲ್ಲಕ್ಕೂ ಅದು ಒಗ್ಗಿಕೊಂಡಿತು. ಬಿರುದಿನ ಆಸೆಗೆ ನರಿಯಪ್ಪ ಕೊಟ್ಟುಬಿಟ್ಟ; ತನ್ನ ಅಂಗಡಿಗೆ ತಾನೇ ಮಾರುವ ದೊಡ್ಡದನ್ನು ಇಟ್ಟುಕೊಂಡ.

ಕೆಲವು ವಾರಗಳ ನಂತರ ಸಂಕವ್ವ ಅರಮನೆಯ ಸರಕು ಹೊತ್ತ ತನ್ನ ಮಂದಿಯೊಂದಿಗೆ ಪೇಟೆಬೀದಿಗೆ ಬಂದಳು. ನರಿಯಪ್ಪನ ಅಂಗಡಿಯ ಮುಂದೆ ಉದ್ದದ ಸಾಲು. ತಮ್ಮ ತಮ್ಮ ಕಂಪ್ಯೂಟರಿನ ಮೇಲೆ ದೂರು ಹೇಳಲು ಬಂದ ಆನೆ, ಕರಡಿ, ಮೊಲ. ಮೊಲದ ಹಿಂದೆ, ಕೊರಳಲ್ಲಿ ಬಿರುದಿನ ಪದಕ ತೂಗಿಸಿಕೊಂಡು, ನರಿಯಪ್ಪ.

"ಇದು ನಿನ್ನದೇ ಅಂಗಡಿ ಅಲ್ವೇನೋ?"

"ಹೌದಕ್ಕಾ," ಅವನು ತಲೆ ತಗ್ಗಿಸಿದ. "ಸರದಿ ಬರದೆ ಹೊಸ ಕಂಪ್ಯೂಟರ್ ಯಾರಿಗೂ ಬಾಗಿಲು ತೆಗೆಯಲ್ಲ."

ಮೊಲ ಹಿಂತಿರುಗಿ ನೋಡಿತು. "ಸ್ವಾಮಿ, ನೂಕಬೇಡಿ."