ಸಂಕರ್ಷಣ ರಾಯರು ಮತ್ತು ಹೊರಬಾಗಿಲು

ಸಂಕರ್ಷಣ ರಾಯರು ಯಾರ ಮನೆಗೆ ಹೋಗಲಿ, ಯಾವ ಸಭೆಗೆ ಕಾಲಿಡಲಿ, ಮೊದಲು ನೋಡುವುದು ಅಲ್ಲಿಂದ ಹೊರಬೀಳುವ ದಾರಿಯನ್ನು. ಘೋಡಬಂದರ್ ರಸ್ತೆಯ ಭರ್ಜರಿ ಸಭಾಂಗಣದಲ್ಲಿ ನಡೆದ ನೆಂಟರ ಮದುವೆಯಲ್ಲಿ ಎಲ್ಲರೂ ವಧುವಿನ ಸೀರೆಯನ್ನು ಕೊಂಡಾಡುತ್ತಿದ್ದರೆ, ಈ ಮಹಾಶಯರು ಹಿಂಬಾಗಿಲಿಗೆ ಅಡ್ಡ ಪೇರಿಸಿದ್ದ ಕುರ್ಚಿಗಳನ್ನು ಎತ್ತೆತ್ತಿ ಗೋಡೆಗೆ ಸೇರಿಸುತ್ತಿದ್ದರು. ನಡಿಗೆಯೂ ಅದಕ್ಕೆ ತಕ್ಕದ್ದೇ: ಎರಡೂ ಕೈಗಳನ್ನು ತುಸು ಅಗಲಿಸಿ, ಕಣ್ಣಿಗೆ ಕಾಣದ ಮೇಜುಗಳನ್ನು ಆಚೀಚೆ ಸರಿಸುತ್ತ ಸಾಗುವಂಥದ್ದು. ಬೇಸಿಗೆಯ ಸೆಕೆಯಲ್ಲೂ ಬಿಡದ ಬೂದು ಕೋಟು. ಅದರ ಜೇಬುಗಳಲ್ಲಿ ಒಂದು ಸೀಟಿ, ಒಂದು ಟಾರ್ಚು, ಬಾಗಿಲು ಮುಚ್ಚದಂತೆ ಕಟ್ಟಿಡಲು ಒಂದು ತುಂಡು ಹಗ್ಗ. ಆಯುಷ್ಯವನ್ನೆಲ್ಲ ಕಲ್ಯಾಣದ ತಮ್ಮ ಉಡುಪಿ ಹೋಟೆಲಿನಲ್ಲಿ ಸವೆಸಿ, ಅದನ್ನು ಮಗನಿಗೆ ಒಪ್ಪಿಸಿದ ಮೇಲೆ, ಡೊಂಬಿವಲಿ, ಕಲ್ಯಾಣ, ಟಿಟ್ವಾಳಾಗಳಲ್ಲಿ ಶಾಲೆ ನಡೆಸುವ ಹೊರನಾಡ ಕನ್ನಡಿಗರ ಸಂಸ್ಥೆಯೊಂದರ ಸುರಕ್ಷತಾ ಸಮಿತಿಯನ್ನು ಅವರು ವಹಿಸಿಕೊಂಡರು. ಸಮಿತಿಯಲ್ಲಿ ಉಳಿದವರು ಚಹಾ ಕುಡಿದು ಸಹಿ ಹಾಕುತ್ತಾರೆ, ಅಷ್ಟೆ.

ಈ ಗೀಳು ಹತ್ತಿದ್ದು ಹೋಟೆಲಿನಲ್ಲಿಯೇ. ಒಮ್ಮೆ ಮಧ್ಯಾಹ್ನದ ಊಟದ ರಶ್ಶಿನಲ್ಲಿ ಅಡುಗೆಮನೆಯಿಂದ ದಟ್ಟ ಹೊಗೆ ನುಗ್ಗಿತು. ಗಿರಾಕಿಗಳೆಲ್ಲ ಎದ್ದು ಓಡಿದರು, ನಿಜ. ಆದರೆ ಓಡಿದವರು ಬಾಗಿಲ ಪಕ್ಕದ ಬೇಸಿನ್ನಿನ ಮುಂದೆ ಸಾಲುಗಟ್ಟಿ ನಿಂತುಬಿಟ್ಟರು. ಎಂಜಲು ಕೈಯಲ್ಲಿ ಬೀದಿಗಿಳಿಯುವುದುಂಟೇ? ಆ ದಿನ ಪುಣ್ಯಕ್ಕೆ ಏನೂ ಆಗಲಿಲ್ಲ. ಮರುದಿನವೇ ರಾಯರು ಬೇಸಿನ್ನನ್ನು ಕಿತ್ತು ಒಳಗೋಡೆಗೆ ಹಾಕಿಸಿದರು.

“ಹೆದರಿದವ ಓಡ್ತಾನೆ ಅಂತ ಪುಸ್ತಕದಲ್ಲಿ ಬರೀತಾರೆ ಮಾರಾಯ್ರೆ,” ಎಂದು ಈಗಲೂ ಹೇಳುತ್ತಾರೆ. “ನಮ್ಮವರು ಹೆದರಿದ್ರೆ ಕೈ ತೊಳೀತಾರೆ.”

ಡೊಂಬಿವಲಿಯ ಶಾಲೆಯಲ್ಲಿ ಅವರಿಗೆ ಎದುರಾದದ್ದು ಬೂಟು. ಮೊದಲ ಮಹಡಿಯ ಪ್ರಾರ್ಥನಾ ಮಂದಿರದಲ್ಲಿ ಸರಸ್ವತಿಯ ವಿಗ್ರಹವಿದೆ. ಮಕ್ಕಳೂ ಮೇಷ್ಟ್ರುಗಳೂ ಪಾದರಕ್ಷೆಗಳನ್ನು ಹೊಸ್ತಿಲಾಚೆ ಕಳಚಿಯೇ ಒಳಗೆ ಬರಬೇಕು. ರಾಯರು ಬೆಂಕಿಯ ಅಣಕು ತಾಲೀಮಿಗೆ ಗಂಟೆ ಹೊಡೆಸಿದರೆ, ಮಕ್ಕಳು ಶಿಸ್ತಾಗಿ ಎದ್ದು ಬಂದು, ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು, ಒಂದೇ ಥರದ ನೂರಾರು ಕರಿ ಬೂಟುಗಳ ನಡುವೆ ತಮ್ಮ ತಮ್ಮದನ್ನು ಹುಡುಕತೊಡಗಿದರು. ಹಿಂದಿನವರು ಒಳಗೇ ಸಿಕ್ಕಿಕೊಂಡರು. ರಾಯರು ಬೂಟಿನ ಸ್ಟ್ಯಾಂಡನ್ನು ಪಡಸಾಲೆಯ ತುದಿಗೆ ಸಾಗಿಸಿದರು. ಮುಂದಿನ ತಾಲೀಮಿನಲ್ಲಿ ಇಡೀ ಶಾಲೆ ಮೆಟ್ಟಿಲಿಗೆ ಬೆನ್ನು ಹಾಕಿ ಆ ತುದಿಗೇ ಓಡಿತು.

ಮುಖ್ಯೋಪಾಧ್ಯಾಯಿನಿ ಗಂಗಾಬಾಯಿ ಧಾರವಾಡದವರು, ಮಾತಿನಲ್ಲಿ ಖಡಕ್ಕು. “ಹಂಗಂತ ಹುಡುಗ್ರನ್ನ ಬೂಟಿನ ಸಮೇತ ದೇವಿ ಮುಂದ ಕೂಡಸ್ಲೇನ್ರಿ, ರಾಯರ?”

“ಬೇಡ ಬೇಡ. ಗಂಟೆ ಹೊಡೆದ್ರೆ ಬೂಟು ಅಲ್ಲೇ ಬಿಟ್ಟು ಬರ್ಲಿ, ಅಷ್ಟೇ.”

ಬಿಟ್ಟು ಬರುವುದು ಅಷ್ಟು ಸುಲಭವಿರಲಿಲ್ಲ. ತಾಲೀಮಿನಲ್ಲಿ ಎಲ್ಲರಿಗಿಂತ ಕೊನೆಗೆ, ಎರಡೂ ಬೂಟಿನ ಲೇಸು ಕಟ್ಟಿಕೊಂಡು ಇಳಿದುಬಂದವಳು ಅವರದೇ ಮೊಮ್ಮಗಳು, ಎರಡನೆಯ ತರಗತಿಯ ಚಿನ್ನು. ಏಕೆ ನಿಂತೆ ಎಂದು ಕೇಳಿದರೆ, ಕನ್ನಡದ ಪ್ರಶ್ನೆಗೆ ಎಂದಿನಂತೆ ಹಿಂದಿಯಲ್ಲಿ ಉತ್ತರ: “ಅಜ್ಜ, ಮಮ್ಮಿ ಡಾಂಟೇಗೀ ನಾ!” ಬೆಂಕಿಯ ಭಯಕ್ಕಿಂತ ಅಮ್ಮನ ಬೈಗುಳದ ಭಯವೇ ದೊಡ್ಡದು. ಆ ಸಂಜೆ ರಾಯರಿಗೆ ಕಾಫಿಯೂ ಸೇರಲಿಲ್ಲ. ಶಾಲೆಗೆ ನಿಜವಾಗಿ ಬೆಂಕಿ ಬಿದ್ದರೆ ಒಳಗೆ ಉಳಿಯುವ ಕೊನೆಯ ಮಗು ಯಾವುದೆಂದು ಅವರಿಗೆ ಈಗ ಗೊತ್ತಾಗಿತ್ತು.

ಸೊಸೆ ಸಂಜನಾ ಬ್ಯಾಂಕಿನಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದು, ಆಗಷ್ಟೇ ಚಪ್ಪಲಿ ಬಿಡುತ್ತಿದ್ದಳು. ಬರಿಗಾಲಲ್ಲಿ ಬಂದರೂ ಬೈಯುವುದಿಲ್ಲವೆಂದು ಮಗಳಿಗೆ ಹೇಳು ಎಂದರೆ ನಕ್ಕಳು. “ಮಾವ, ಹೋದ ತಿಂಗಳಷ್ಟೇ ಒಂದು ಜೊತೆ ಕಳ್ಕೊಂಡು ಬಂದಿದ್ದಾಳೆ. ಹೀಗೆ ಹೇಳಿದ್ರೆ ದಿನಾ ಕಳೀತಾಳೆ.”

“ಕಳೀಲಿ!” ಸೊಸೆಯ ಮೇಲೆ ಎಂದೂ ದನಿ ಏರಿಸದವರು ಏರಿಸಿದರು. “ಬೂಟು ಅಂಗಡಿಯಲ್ಲಿ ಸಿಗ್ತದೆ, ಸಂಜನಾ...”

ಸಂಜನಾಳ ನಗು ನಿಂತಿತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಂಟೆ ಹೊಡೆದರೆ ಬೂಟು ಬಿಟ್ಟು ಓಡಬೇಕು, ನಾನು ಬೈಯುವುದಿಲ್ಲ, ಆಣೆ ಎಂದಳು. ಆಮೇಲೆ ಪಾಲಕರ ಸಭೆಯಲ್ಲಿ ಅವಳೇ ಎದ್ದು ನಿಂತು ಈ ಮಾತನ್ನು ಎತ್ತಿದಳು. ತಾಯಂದಿರು ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು ತುಳುವಿನಲ್ಲಿ, ಮರಾಠಿಯಲ್ಲಿ, ಬೆಂಗಳೂರು ಕನ್ನಡದಲ್ಲಿ ಅದೇ ಆಣೆ ಇಟ್ಟರು. ರಾಯರು ಕೋಟಿನ ಗುಂಡಿ ತಿರುವುತ್ತ ಮೂಲೆಯಲ್ಲಿ ನಿಂತಿದ್ದರು.

ಶ್ರಾವಣದ ಒಂದು ಬೆಳಿಗ್ಗೆ ಪ್ರಾರ್ಥನೆ ನಡೆದಿರುವಾಗಲೇ ಕೆಳಗಿನ ಮೀಟರ್ ಪೆಟ್ಟಿಗೆ ಹೊತ್ತಿಕೊಂಡು, ಮುಂಬದಿಯ ಮೆಟ್ಟಿಲ ತುಂಬ ಕಪ್ಪು ಹೊಗೆ ಏರಿತು. ಎಂದಿನಂತೆ ಗೇಟಿನ ಬಳಿ ಇದ್ದ ರಾಯರು ಗಂಟೆ ಕೇಳಿದ್ದೇ ಹಿಂಬದಿಯ ಮೆಟ್ಟಿಲಿನತ್ತ ಓಡಿದರು. ಸೀಟಿ ಬಾಯಿಗಿಟ್ಟರೂ ಊದಲು ಉಸಿರಿಲ್ಲ. ಅಷ್ಟರಲ್ಲಿ ಮಕ್ಕಳು ಇಳಿಯತೊಡಗಿದರು: ಕೈ ಕೈ ಹಿಡಿದು, ಒದ್ದೆ ನೆಲದ ಮೇಲೆ ಪಟಪಟನೆ ಬರಿಗಾಲು ಹಾಕುತ್ತ, ಒಬ್ಬರೂ ಹಿಂದೆ ತಿರುಗದೆ. ಸಾಲಿನ ನಡುವೆ ಚಿನ್ನು ಇದ್ದಳು. “ಅಜ್ಜ, ಬೂಟ್ ಛೋಡ್ ದಿಯಾ!” ಎಂದು ಹೆಮ್ಮೆಯಿಂದ ಕೆಸರುಗಾಲು ಎತ್ತಿ ತೋರಿಸಿದಳು. ಎಲ್ಲರ ಹಿಂದೆ, ಸೀರೆಯ ನೆರಿಗೆ ಎತ್ತಿ ಹಿಡಿದು, ಗಂಗಾಬಾಯಿಯೂ ಬರಿಗಾಲಲ್ಲೇ ಇಳಿದರು. ಅಗ್ನಿಶಾಮಕದವರು ಬರುವ ಹೊತ್ತಿಗೆ ಹಾಜರಿಯೂ ಮುಗಿದಿತ್ತು, ಎಲ್ಲರೂ ಹೊರಗಿದ್ದರು.

ರಾಯರು ಕಾಂಪೌಂಡಿನ ಕಟ್ಟೆಯ ಮೇಲೆ ಕುಸಿದು, ಮಕ್ಕಳೆದುರೇ ಗಳಗಳನೆ ಅತ್ತರು. ಗಂಗಾಬಾಯಿ ಪಕ್ಕದಲ್ಲಿ ಕೂತರು. “ಅಳಬ್ಯಾಡ್ರಿ, ರಾಯರ. ನಮ್ಮ ಹುಡುಗ್ರು ಒಮ್ಮೆರ ನಮ್ಮ ಮಾತು ಕೇಳ್ಯಾರ.” ಇಬ್ಬರೂ ನಕ್ಕರು.

ಲೋಕಕ್ಕೆ ಎಚ್ಚರಿಕೆ ಹೇಳುವವರು ಬಹಳ. ಅವರು ಗದರಿಸಿ, ಫಲಕ ತೂಗುಹಾಕಿ, ಕೇಳದಿದ್ದರೆ ನಮ್ಮನ್ನೇ ಹಳಿಯುತ್ತಾರೆ. ರಾಯರಂಥವರ ಜಾತಿಯೇ ಬೇರೆ. ನಾವು ಗಂಡಾಂತರದಲ್ಲೂ ನಮ್ಮ ಸಂಸ್ಕಾರವನ್ನು ಬಿಡಲಾರೆವೆಂದು ಅವರು ಬಲ್ಲರು. ಅದಕ್ಕಾಗಿ ನಮ್ಮನ್ನು ಪೆದ್ದರೆನ್ನದೆ, ನಾವು ಎಲ್ಲಿ ಎಡವುತ್ತೇವೋ ಅಲ್ಲಿಗೆ ನಮಗಿಂತ ಮೊದಲೇ ಹೋಗಿ ನಿಂತಿರುತ್ತಾರೆ. ಮನುಷ್ಯರನ್ನು ಕಾಯಬೇಕೆಂದರೆ ಮೊದಲು ಅವರನ್ನು, ಇದ್ದ ಹಾಗೆಯೇ, ಇಷ್ಟಪಟ್ಟಿರಬೇಕು.