ಎದುರಿಗೆ ನಿಂತ ಎತ್ತು

ನೇಸರಗಿಯ ಆ ಓಣಿಯಲ್ಲಿ ಕೌದಿ ಹೊಲಿಯಲು ಬಾರದ ಹೆಂಗಸೇ ಇರಲಿಲ್ಲ. ಕೌದಿಯ ಮೇಲೆ ಚಿತ್ರ ಕತ್ತರಿಸಲು ಬಾರದವಳು ಮಾತ್ರ ಒಬ್ಬಳಿದ್ದಳು, ಅವಳು ಕೃಷ್ಣವ್ವ. ಹಾಗಂತ ಓಣಿಯವರು ಹೇಳುತ್ತಿದ್ದರು. ಕೃಷ್ಣವ್ವನನ್ನು ಕೇಳಿದರೆ ಓಣಿಯವರಿಗೇ ಕಣ್ಣಿಲ್ಲ ಎನ್ನುತ್ತಿದ್ದಳು. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು.

ಅದು ತೊಂಬತ್ತೇಳನೇ ಇಸವಿಯ ಬೇಸಿಗೆ. ಸೊಲ್ಲಾಪುರದ ಚಾದರಗಳು ಬೈಲಹೊಂಗಲದ ಅಂಗಡಿಗಳಿಗೆ ಬಂದು ಎಷ್ಟೋ ಕಾಲವಾಗಿತ್ತು. ಆದರೂ ಮಗಳನ್ನು ಕೌದಿಯಿಲ್ಲದೆ ಗಂಡನ ಮನೆಗೆ ಕಳಿಸಿದರೆ ನಾಲ್ಕು ಜನ ಏನಂದಾರು ಎಂಬ ಅಂಜಿಕೆ ಇನ್ನೂ ಉಳಿದಿತ್ತು. ಈಗ ಆ ಅಂಜಿಕೆಯೂ ಹೋಯಿತು, ಅದರ ಬೆನ್ನಿಗೇ ಆ ಮಧ್ಯಾಹ್ನಗಳೂ ಹೋದವು. ಉಂಡು, ಪಾತ್ರೆ ಬೋರಲು ಹಾಕಿ, ಸೆರಗಿಗೆ ಸೂಜಿ ಚುಚ್ಚಿಕೊಂಡು ಹೆಂಗಸರೆಲ್ಲ ಕೃಷ್ಣವ್ವನ ಪಡಸಾಲೆಗೆ ಬರುತ್ತಿದ್ದರು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸುತ್ತಲೂ ಕೂತು, ಅಂಚಿನಿಂದ ಒಳಮುಖವಾಗಿ ಹೊಲಿಯುತ್ತ ಬರುವುದು. ಸೂಜಿ ಒಂದು ಗೇಣು ಸಾಗುವಷ್ಟರಲ್ಲಿ ಬಾಯಿ ಬೆಳಗಾವಿ ಮುಟ್ಟಿ ಬರುತ್ತಿತ್ತು. ಅಂಥ ಸುಖ ಇನ್ನು ಯಾರಿಗೆ ಸಿಕ್ಕೀತು.

ಕೌದಿ ಕೃಷ್ಣವ್ವನ ಒಬ್ಬಳೇ ಮಗಳು ಶೈಲಜಾಳದು. ಅವಳನ್ನು ರಾಮದುರ್ಗಕ್ಕೆ ಕೊಡುವುದಾಗಿತ್ತು. ಹೊಲಿಗೆಯ ಯಜಮಾನಿಕೆ ಓಣಿಯ ಹಿರಿಯಳಾದ ಕೆಂಪವ್ವನದು. ಮದುಮಗಳ ಕೌದಿಗೆ ಅವಳದೇ ಒಂದು ಕಾಯಿದೆ ಇತ್ತು. ಕೌದಿಯನ್ನು ಚೌಕ ಚೌಕ ಮನೆಗಳಾಗಿ ಮಾಡಿ, ಒಂದೊಂದು ಮನೆಯಲ್ಲಿ ಒಬ್ಬೊಬ್ಬಳು ಒಂದು ಆಕಾರ ಕತ್ತರಿಸಿ ಕೂರಿಸಬೇಕು. ಒಂದೇ ಬಣ್ಣದ ಬಟ್ಟೆ. ಕಣ್ಣು, ಮೂಗು, ಗರಿ, ಏನನ್ನೂ ಮೇಲೆ ಹೊಲಿಯುವಂತಿಲ್ಲ. ಬರೀ ಅಂಚು ನೋಡಿಯೇ ಇಂಥದ್ದು ಎಂದು ತಿಳಿಯಬೇಕು, ತಿಳಿಯದಿದ್ದರೆ ಬಿಚ್ಚಬೇಕು.

ಗಿಳಿ ಬಂದು ಕೂತಿತು, ಬದನೆಕಾಯಿ ಬಂತು, ಬಂಡಿ ಬಂತು, ತುಳಸಿಕಟ್ಟೆ ಬಂತು. ಕೃಷ್ಣವ್ವ ತನ್ನ ತಾಯಿಯ ಹಳೆ ಚಂದ್ರಕಾಳಿ ಸೀರೆಯ ಕಪ್ಪು ತುಂಡನ್ನು ಕತ್ತರಿಸಿದಳು. ಮೇಲೆ ಅಗಲ, ಕೆಳಗೆ ಬರುತ್ತ ಸಣ್ಣ, ಎರಡೂ ಬದಿಗೆ ಎಲೆಯಂಥ ಕಿವಿ, ಒಂದು ಕಡೆ ಮಾತ್ರ ಮೇಲಕ್ಕೆ ಕೊಂಕಿದ ಕೋಡು.

“ಇದೇನ ಯವ್ವಾ, ಚಾದ ಕಿಟ್ಲಿ ಏನು?” ಎಂದಳು ಕೆಂಪವ್ವ.

“ಎತ್ತು.”

“ಎತ್ತಾದ್ರ ಕಾಲ ಎಲ್ಲಿ ಅದಾವು? ಬಾಲ ಎಲ್ಲೈತಿ?”

“ಎದುರಿಗೆ ನಿಂತೈತಿ. ಮಾರಿ ಅಷ್ಟ ಕಾಣತೈತಿ.”

“ಮತ್ತ ಇನ್ನೊಂದ ಕೋಡು?”

“ಅದಕ್ಕ ಇದ್ದದ್ದ ಒಂದ,” ಎಂದಳು ಕೃಷ್ಣವ್ವ.

ಪಡಸಾಲೆಯೆಲ್ಲ ನಕ್ಕಿತು. ಎತ್ತು ಎಂದರೆ ಬದಿಯಿಂದ ಕತ್ತರಿಸುವುದು, ನಾಲ್ಕು ಕಾಲು, ಬೆನ್ನ ಮೇಲೆ ಉಬ್ಬಿದ ಇಣಿ, ಬಾಲ. ಇದು ಎಲ್ಲರಿಗೂ ಗೊತ್ತಿದ್ದ ಮಾತು. ಎದುರಿನಿಂದ ಎತ್ತು ಕತ್ತರಿಸಿದವರನ್ನು ಆ ಓಣಿ ಕಂಡಿರಲಿಲ್ಲ. ಕೆಂಪವ್ವ ಸದ್ಯಕ್ಕಿರಲಿ ಎಂದು ಆ ಚೌಕವನ್ನು ಕೌದಿಯ ಕಟ್ಟಕಡೆಯ ಮೂಲೆಗೆ ತಳ್ಳಿದಳು.

ಕೃಷ್ಣವ್ವ ಹೇಳದೆ ಬಿಟ್ಟ ಮಾತೊಂದಿತ್ತು. ಅದು ಯಾವುದೋ ಎತ್ತಲ್ಲ, ಸಿರಸಂಗಿಯ ತನ್ನ ತವರಿನ ಕರ್ಯಾ. ಎಳೆಯ ಹೋರಿಯಾಗಿದ್ದಾಗ ಹಿತ್ತಲ ಬಾಗಿಲಿಗೆ ಹಾಯ್ದು ಒಂದು ಕೋಡು ಮುರಿದುಕೊಂಡಿತ್ತು. ಮದುವೆಯಾಗಿ ನೇಸರಗಿಗೆ ಬರುವವರೆಗೂ ಅದಕ್ಕೆ ಹಿಂಡಿ ಕಲಸಿ ಇಟ್ಟವಳು ಅವಳೇ. ಇಟ್ಟು, ಅದು ತಿನ್ನುವವರೆಗೂ ಎದುರಿಗೇ ನಿಂತಿರುತ್ತಿದ್ದಳು. ಅದರ ಬಿಸಿ ಉಸಿರು ಮೊಣಕೈಗೆ ಬಡಿಯುತ್ತಿತ್ತು. ಬಂಡಿಗೆ ಕಟ್ಟಿ ಹೊಡೆಯುವವನು ಅಣ್ಣ ರಾಮಲಿಂಗಪ್ಪ.

ಅಪ್ಪ ತೀರಿಕೊಂಡ ಮೇಲಿನ ಮೊದಲ ನಾಗರ ಪಂಚಮಿಗೆ ಅವಳು ತವರಿಗೆ ಹೋದಾಗ ಕೊಟ್ಟಿಗೆ ಬರಿದಾಗಿತ್ತು. ಕರ್ಯಾನನ್ನು ಅಣ್ಣ ಬೈಲಹೊಂಗಲದ ದನದ ಪೇಟೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟಿದ್ದ. ಮುದಿ ಎತ್ತನ್ನು ಯಾರಾದರೂ ಮಾರುತ್ತಾರೆ, ಅದು ಅವಳಿಗೂ ಗೊತ್ತು. ಆದರೆ ಅಣ್ಣ ಆ ಸುದ್ದಿಯನ್ನು ಹರಕು ಚಪ್ಪಲಿ ಎಸೆದವನಂತೆ ಹೇಳಿ, ಹಬ್ಬದ ಸಿಹಿ ಉಂಡಿ ತಿನ್ನುತ್ತ ಕೂತಿದ್ದ. ಕೃಷ್ಣವ್ವನಿಗೆ ತಡೆಯಲಾಗಲಿಲ್ಲ. “ಅಪ್ಪನ ಎತ್ತ ಮಾರಿ ಉಂಡಿ ತಿನ್ನಾಕತ್ತೀದಿ. ನಿನ್ನ ಎದಿಯೊಳಗ ಏನೂ ಇಲ್ಲ,” ಎಂದು ಬಂದವರೆಲ್ಲರ ಮುಂದೆ ಅಂದುಬಿಟ್ಟಳು. ಅವಳು ಅದೇ ದಿನ ಬಸ್ಸು ಹತ್ತಿದಳು. ಆಮೇಲಿನ ಪಂಚಮಿಗಳಿಗೆ ಅವನು ಕರೆಯಲು ಬರಲಿಲ್ಲ, ಇವಳು ಹೋಗಲಿಲ್ಲ. ವರ್ಷಗಳು ಹಾಗೆಯೇ ಉರುಳಿದವು.

ಈಗ ಮಗಳ ಮದುವೆ. ಮದುಮಗಳ ಕೈಹಿಡಿದು ಹಂದರಕ್ಕೆ ತರಬೇಕಾದವನು ಸೋದರಮಾವ. ಕೃಷ್ಣವ್ವನ ಗಂಡ ಶಟ್ಟೆಪ್ಪ ಲಗ್ನಪತ್ರಿಕೆ ಹಿಡಿದು ಸಿರಸಂಗಿಗೆ ಹೋಗಿ ಬಂದ.

“ಬರತಾನಂತ. ಮಾವ ಬರದಿದ್ರ ಜನಾ ಆಡಕೋತಾರ ಅಂದಾ,” ಎಂದ.

ಜನರಿಗಾಗಿ ಬರುತ್ತಾನೆ, ತನಗಾಗಿ ಅಲ್ಲ. ಕೃಷ್ಣವ್ವನಿಗೆ ಆ ಮಾತು ಅವನು ಬರದಿರುವುದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಅಣ್ಣ ಬೇಕಾಗಿದ್ದ ಅವಳಿಗೆ, ಹಂದರಕ್ಕಲ್ಲ. ತವರಿನದು ಎನ್ನುವಂಥದ್ದು ಏನಾದರೂ ಮಗಳ ಸಂಗಡ ಹೋಗಲಿ ಎಂದೇ ಅವಳು ಆ ಎತ್ತನ್ನು ಕತ್ತರಿಸಿದ್ದು.

ಲಗ್ನ ಇನ್ನೇನು ಬಂತು ಎನ್ನುವಾಗ ಹೊರಗೆ ಗಂಡಸರು ಹಂದರಕ್ಕೆ ಗಳ ಕಟ್ಟುತ್ತಿದ್ದರು. ಒಳಗೆ ಕೌದಿಯ ಎಲ್ಲ ಅಂಚೂ ಕೂಡಿ, ಕಪ್ಪು ಆಕಾರದ ಆ ಮೂಲೆಯೊಂದೇ ತೆರೆದುಕೊಂಡಿತ್ತು. ಕೆಂಪವ್ವ ಕೊನೆಗೂ ಕತ್ತರಿ ಕೈಗೆತ್ತಿಕೊಂಡಳು.

“ರಾಮದುರ್ಗದ ಬೀಗರು ಕಿಟ್ಲಿ ನೋಡಿ ನಗೋದು ಬ್ಯಾಡ. ಬಿಚ್ಚತೇನಿ ಯವ್ವಾ, ಸಿಟ್ಟಾಗಬ್ಯಾಡ. ಒಂದ ಗಿಳಿ ಕುಂದ್ರಸೋಣು.”

“ಬಿಚ್ಚ್ರಿ,” ಎಂದು ಕೃಷ್ಣವ್ವ ಅಡುಗೆಮನೆಗೆ ಎದ್ದು ಹೋದಳು. ನೋಡುತ್ತ ಕೂರುವ ಶಕ್ತಿ ಅವಳಿಗಿರಲಿಲ್ಲ.

ಅಷ್ಟರಲ್ಲಿ ರಾಮಲಿಂಗಪ್ಪ ಬಂದ. ಕಾಲು ತೊಳೆದ, ಶೈಲಜಾ ಕೊಟ್ಟ ನೀರು ಕುಡಿದ. ಅಡುಗೆಮನೆಯ ಬಾಗಿಲು ಅವನಿಂದ ಮೂರು ಮಾರು ದೂರ. ಆದರೂ, “ನಿಮ್ಮವ್ವಗ ಹೇಳು, ಮಾವ ಬಂದಾನ, ಶಾಸ್ತ್ರ ಮುಗಿಸಿ ಹೋಗತಾನ ಅಂತ,” ಎಂದ. “ನಿಮ್ಮ ಮಾಮಾಗ ಹೇಳು, ಊಟಾ ಮಾಡಿ ಹೋಗಂತ,” ಎಂದು ಒಳಗಿನಿಂದ ಉತ್ತರ ಬಂತು. ಶೈಲಜಾ ಪಾಪ, ಆ ಕಡೆ ಈ ಕಡೆ ನೋಡಿದಳು. ಮಾತು ಬದಲಿಸಲು ಕೌದಿಯತ್ತ ಕೈ ತೋರಿಸಿದಳು.

“ಮಾಮಾ, ನಮ್ಮವ್ವನ ಕಿಟ್ಲಿ ನೋಡ್ರಿ. ಈಗ ಬಿಚ್ಚವರದಾರ.”

ರಾಮಲಿಂಗಪ್ಪ ನೋಡಿದ. ನೋಡುತ್ತಲೇ ಕೂತ. ಕೆಂಪವ್ವನ ಕತ್ತರಿ ಹೊಲಿಗೆಯನ್ನು ಹುಡುಕುತ್ತಿತ್ತು.

“ಬಿಚ್ಚಬ್ಯಾಡ್ರಿ,” ಎಂದ. “ಕಿಟ್ಲಿ ಅಲ್ಲದು, ನಮ್ಮ ಕರ್ಯಾ. ಆದರ ಕೋಡು ತಪ್ಪೈತಿ. ಎಡಗಡೆ ಕೋಡು ಮುರದಿತ್ತು.”

“ಬಲಗಡೆದು,” ಎಂದಳು ಕೃಷ್ಣವ್ವ. ಯಾವಾಗ ಬಾಗಿಲಿಗೆ ಬಂದು ನಿಂತಳೋ ಅವಳಿಗೇ ತಿಳಿಯಲಿಲ್ಲ.

“ನಾ ವರ್ಷಗಟ್ಟಲೆ ಅದರ ಹಿಂದ ಬಂಡಿಯೊಳಗ ಕುಂತಾಂವ. ಎಡಗಡೆದು.”

“ನಾ ವರ್ಷಗಟ್ಟಲೆ ಅದರ ಮುಂದ ನಿಂತಾಕಿ. ಬಲಗಡೆದು.”

ಇಷ್ಟು ವರ್ಷಗಳ ಮೇಲೆ ಅಣ್ಣತಂಗಿ ನೇರವಾಗಿ ಆಡಿದ ಮೊದಲ ಮಾತು ಇದು, ಅದೂ ಜಗಳ. ಕೆಂಪವ್ವ ಮದುಮಗಳನ್ನು ನಡುವೆ, ತಾಯಿಗೆ ಎದುರಾಗಿ ನಿಲ್ಲಿಸಿ, ಇದೇ ಮುರಿದ ಕೋಡೆಂದು ಒಂದು ಕೈ ಎತ್ತಿಸಿದಳು. ಹಿಂದೆ ಕೂತ ಅಣ್ಣನಿಗೆ ಅದು ಎಡಕ್ಕಿತ್ತು, ಮುಂದೆ ನಿಂತ ತಂಗಿಗೆ ಬಲಕ್ಕೆ. ಹೆಂಗಸರೆಲ್ಲ ನಕ್ಕರು. ಅಣ್ಣನ ಮೀಸೆಯ ತುದಿಯೂ ಸ್ವಲ್ಪ ಅಲುಗಿತು. ಕೃಷ್ಣವ್ವ ಮಾತ್ರ ನಗಲಿಲ್ಲ. ಅವಳಿಗೆ ಬೇರೇನೋ ಹೊಳೆದಿತ್ತು.

“ನೀ ಯಾವಾಗ್ಲೂ ಹಿಂದ ಕುಂತಾಂವ ಯಣ್ಣಾ. ಅದರ ಮಾರಿ ನಿನಗ ಹೆಂಗ ಗುರುತ ಸಿಕ್ತು?”

ರಾಮಲಿಂಗಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಮಡಚಿದ, ಮತ್ತೆ ಬಿಚ್ಚಿದ.

“ಪ್ಯಾಟ್ಯಾಗ ಹಗ್ಗಾ ಕೊಂಡವರ ಕೈಯಾಗ ಕೊಟ್ಟ ಹೊಂಟೆ. ತಿರುಗಿ ನೋಡಬಾರದಂತ ಮಾಡಿದ್ದೆ. ನೋಡಿದೆ. ಅವರು ಜಗ್ಗಾಕತ್ತಿದ್ರು, ಅದು ನನ್ನ ಕಡೆ ಮಾರಿ ಮಾಡಿ ನಿಂತಿತ್ತು. ಹಿಂಗ.” ಅವನು ಕೌದಿಯ ಮೂಲೆಗೆ ಬೆರಳು ತೋರಿಸಿದ. “ಅಷ್ಟ ವರ್ಷ ಹೊಡದ್ರೂ ಅದರ ಮಾರಿ ಪೂರಾ ನೋಡಿದ್ದು ಅವತ್ತ.”

“ಪಂಚಮಿ ದಿನಾ ಯಾಕ ಹೇಳಲಿಲ್ಲ?”

“ಎದಿಯೊಳಗ ಏನೂ ಇಲ್ಲ ಅಂದಿ. ಇದ್ದದ್ದನ್ನ ತಗದ ತೋರಸಾಕ ಬರತೈತೇನು ತಂಗಿ?”

ಕೃಷ್ಣವ್ವ ಅತ್ತಳು. ಓಣಿಯ ಎಲ್ಲರ ಎದುರಿಗೆ, ಸೆರಗಿನಿಂದ ಮುಖ ಮುಚ್ಚಿಕೊಳ್ಳದೆ ಅತ್ತಳು. ತಪ್ಪು ತಿಳಿದು ಕಳೆದ ಪಂಚಮಿಗಳೆಲ್ಲ ಒಮ್ಮೆಲೇ ನೆನಪಾದವು. ಕೆಂಪವ್ವ ಕತ್ತರಿಯನ್ನು ಮೆಲ್ಲಗೆ ಚಾಪೆಯ ಕೆಳಗೆ ಸರಿಸಿದಳು.

“ಆತು ಯವ್ವಾ, ಮೂಲಿ ಮುಚ್ಚೋಣು. ಒಂದ ತುತ್ತ ರೊಟ್ಟಿ ತಗೊಂಬಾ,” ಎಂದಳು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ತುತ್ತು ಇಟ್ಟು ಹೊಲಿಯುತ್ತಾರೆ. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು. ಇಡಬೇಕಾದವಳು ಮದುಮಗಳ ತಾಯಿ. ಕೃಷ್ಣವ್ವ ಜೋಳದ ರೊಟ್ಟಿಯ ಚೂರು ತಂದಳು. ತಂದು ಅಣ್ಣನ ಅಂಗೈಯಲ್ಲಿಟ್ಟಳು.

“ನಾ ದಿನಾ ಹಾಕೇನಿ. ಇವತ್ತ ನೀ ಹಾಕ ಯಣ್ಣಾ.”

ರಾಮಲಿಂಗಪ್ಪ ಮೊಣಕಾಲೂರಿ ಕೂತ. ಬಟ್ಟೆಯ ಪದರಗಳ ನಡುವೆ ಕೈ ತೂರಿಸಿ, ಕಪ್ಪು ಮುಖದ ಬಾಯಿ ಇರುವಲ್ಲಿಗೆ ರೊಟ್ಟಿಯನ್ನು ಸರಿಸಿದ. ಸರಿಸಿದ ಮೇಲೂ ಕೈಯನ್ನು ಹೊರಗೆ ತೆಗೆಯಲಿಲ್ಲ. ಹೆಂಗಸರು ಸೂಜಿ ಹಿಡಿದುಕೊಂಡು ಕಾದರು, ಯಾರೂ ಅವಸರ ಮಾಡಲಿಲ್ಲ.