ಆನೆಯ ಪುಟ

ಎದೆಯ ಕಾಯಿಲೆಯಿಂದ ಅಕ್ಕ ತೀರಿಕೊಂಡ ಮೇಲೆ, ಅವಳ ಎರಡೂವರೆ ವರ್ಷದ ಮಗಳಿಗೆ ಪುಸ್ತಕ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆನೆ ಹೊಳೆಗಿಳಿಯುವ ಪುಟ ಮುಗಿದದ್ದೇ ತಡ, ಮಗು ರಟ್ಟಿನ ಪುಸ್ತಕವನ್ನು ಕಿತ್ತುಕೊಳ್ಳುತ್ತಿತ್ತು.

“ಹಂಗಲ್ಲ ಚಿಕ್ಕಮ್ಮ! ಅಮ್ಮ ಓದಿದ ಹಂಗೆ ಓದು.”

ಒಂದಕ್ಷರವನ್ನೂ ನಾನು ಬಿಟ್ಟಿರಲಿಲ್ಲ. ಗೇಣುದ್ದದ ಹುಡುಗಿ ನನಗೇ ಪಾಠ ಹೇಳುತ್ತಾಳಲ್ಲ ಎಂದು ಮೈಯೆಲ್ಲ ಉರಿದುಹೋಯಿತು.

“ಹಾಗಾದ್ರೆ ನೀನೇ ಓದಮ್ಮ, ದೊಡ್ಡ ಪಂಡಿತೆ!”

ಅವಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸಾಲಿನ ಕೆಳಗೆ ಬೆರಳಾಡಿಸಿದಳು. “ಆನೆ ಹೊಳೆಗೆ ಇಳೀತು.” ಆಮೇಲೆ ಬಾಯಿಗೆ ಮುಷ್ಟಿ ಹಿಡಿದು, ಭುಜ ಕುಲುಕುವಂತೆ ಕೆಮ್ಮಿದಳು. “ಏನಿಲ್ಲ ಕಂದ,” ಎಂದು ಪುಟ ತಿರುಗಿಸಿದಳು.

ಅಕ್ಕನ ಉಸಿರು ಆ ಪುಟದವರೆಗೆ ಮಾತ್ರ ಸಾಲುತ್ತಿತ್ತು.

ನಾನು ಪುಸ್ತಕ ಇಸಿದುಕೊಂಡೆ. ಆನೆಯನ್ನು ಹೊಳೆಗಿಳಿಸಿ, ಕೆಮ್ಮಿದೆ. “ಏನಿಲ್ಲ ಕಂದ,” ಅಂದೆ.

ಅವಳು ನನಗೊರಗಿ ಕೂತಳು.